ಅಜ್ಜನ ರೈಫಲ್ಲಿಗೆ ಕಾಕಾನ ಊದಿನಕಡ್ಡಿ

ನಮ್ಮ ಮನೆಯ ರೈಫಲ್ ಒಂದು ಚುನಾವಣೆಯನ್ನೂ ತಪ್ಪಿಸಿದ್ದಿಲ್ಲ. ಪಂಚಾಯತಿಯದಿರಲಿ, ವಿಧಾನಸಭೆಯದಿರಲಿ, ಘೋಷಣೆಯಾದ ಕೂಡಲೇ ನಿಯಮದ ಪ್ರಕಾರ ಅದು ಬಸವಕಲ್ಯಾಣದ ಠಾಣೆಗೆ ಹೋಗಿ ಕೂರುತ್ತದೆ, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತದೆ. ಇಷ್ಟು ನಿಷ್ಠೆ ನಮ್ಮೂರಿನ ಯಾವ ಕಾರ್ಯಕರ್ತನಲ್ಲೂ ಕಂಡಿಲ್ಲ. ಬೇಟೆಯನ್ನಂತೂ ಕಾನೂನೇ ನಿಲ್ಲಿಸಿದೆ. ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ‘ಹೆಣ್ಮಗಳಿಗ್ಯಾಕ್ರಿ ಬಂದೂಕ?’ ಎಂದು ಕೇಳುವವರಿಗೆ ‘ನಿಮ್ಮಂಥವ್ರು ಬರ್ತೀರಲ್ರಿ, ಅದಕ್ಕ’ ಎಂದು ಹೇಳಿ ಚಹಾ ಕೊಡುತ್ತೇನೆ.

ಅಜ್ಜ ಕೊಂಡದ್ದು, ಅಪ್ಪ ಕಾಪಾಡಿದ್ದು. ಮರದ ಹಿಡಿ ಅಜ್ಜನ ಕೆನ್ನೆ ತಾಗಿ ತಾಗಿ ಒಂದು ಕಡೆ ಕಪ್ಪಾಗಿದೆ. ಆದರೆ ಅದರ ಜೀವವೆಲ್ಲ ಗುಂಡು ಹಾಕಲು ತೆರೆದು ಮುಚ್ಚುವ ಚಿಲಕದಲ್ಲಿ. ಭಾನುವಾರ ಅಪ್ಪ ಹಳೆ ಚಾದರ ಹಾಸಿ, ಎಣ್ಣೆ ಬಟ್ಟೆ ಇಟ್ಟುಕೊಂಡು ನನ್ನನ್ನು ಕರೆಯುತ್ತಿದ್ದ. ‘ಬಾಗಿಲ ಚಿಲಕದ ಹಾಂಗ ತಿಳ್ಕೋ. ಮೊದಲ ಎತ್ತು, ಆಮ್ಯಾಲ ಎಳಿ. ಮುಚ್ಚಬೇಕಾದ್ರ ತಳ್ಳು, ಇಳಿಸು.’ ಈಗಲೂ ಎಣ್ಣೆ ಹಾಕಿ ಅದನ್ನು ಮುಚ್ಚಿದಾಗ ಬರುವ ಆ ಚಿಕ್ಕ ಸದ್ದಿಗೆ ಅಪ್ಪ ಪಕ್ಕದಲ್ಲೇ ಕೂತಂತೆನಿಸುತ್ತದೆ. ಅವನು ಬಿಟ್ಟುಹೋದದ್ದರಲ್ಲಿ ನನಗೆ ಬೇಕಾದದ್ದು ಇದೊಂದೇ.

ಹುಮನಾಬಾದಿನ ಕಾಕಾನಿಗೂ ಅದೇ ಬೇಕಿತ್ತು. ಅಪ್ಪನ ತಮ್ಮ, ಮಾಣಿಕನಗರದಲ್ಲಿ ಅಂಗಡಿ. ಅಪ್ಪ ಹೋದ ಮೇಲೆ ಮನೆತನದ ಹಿರಿಯ ತಾನೇ ಎಂದು ಆಯುಧಪೂಜೆಗೆ ರೈಫಲ್ಲನ್ನು ತನ್ನ ಮನೆಗೆ ತರಿಸುತ್ತಿದ್ದ. ನಾನು ಅದು ಖಾಲಿಯಿದೆಯೆಂದು ನೋಡಿಕೊಂಡು, ಕೌದಿಯಲ್ಲಿ ಸುತ್ತಿ ಒಯ್ಯುತ್ತಿದ್ದೆ. ಕಾಕಾ ಅದನ್ನು ತಕ್ಕಡಿ, ಮೋಟರ್ ಸೈಕಲ್ಲುಗಳ ಸಾಲಿನಲ್ಲಿ ಗೋಡೆಗೆ ಆನಿಸಿ, ಅರಿಶಿಣ ಕುಂಕುಮ ಮೆತ್ತಿ, ಕೊನೆಗೆ ನಳಿಗೆಯ ಬಾಯಿಗೇ ಊದಿನಕಡ್ಡಿ ಚುಚ್ಚುತ್ತಿದ್ದ. ಅಪ್ಪ ಹೋದಾಗಿನಿಂದ ಆ ನಳಿಗೆಯಿಂದ ಬಂದ ಹೊಗೆಯೆಂದರೆ ಗಂಧದ್ದೊಂದೇ. ‘ಒಳಗ ಬೂದಿ ಬೀಳ್ತದ ಕಾಕಾ’ ಎಂದರೆ, ‘ದೇವರ ಕೆಲಸಕ್ಕ ಅಡ್ಡ ಬರಬ್ಯಾಡವಾ’ ಎನ್ನುತ್ತಿದ್ದ. ಬೂದಿ ತೆಗೆಯುವ ಕೆಲಸವನ್ನು ದೇವರು ನನಗೆ ಬಿಟ್ಟಿದ್ದ.

ಕಾಕಾನ ಬಾಯಲ್ಲಿ ಅಜ್ಜನ ಬೇಟೆಯೂ ವರ್ಷ ವರ್ಷ ಬೆಳೆಯಿತು. ಮೊದಲು ಕಾಡುಹಂದಿ, ಆಮೇಲೆ ತೋಳ, ಈಚೆಗೆ ಚಿರತೆ. ಅಪ್ಪ ಹೇಳಿದ್ದು ಬೇರೆ. ಕೊಹಿನೂರ ಹಳ್ಳಿಯ ಹೊಲದಲ್ಲಿ ಅಜ್ಜ ಹಂದಿಗೆ ಗುರಿಯಿಟ್ಟು ಬೇವಿನ ಮರಕ್ಕೆ ಹೊಡೆದಿದ್ದನಂತೆ.

ಹೋದ ವರ್ಷ ಪೂಜೆಗೆ ಬೀಗರೂ ಬಂದಿದ್ದರು. ಕಾಕಾನ ಮಗಳ ಸಂಬಂಧ ಆಗಷ್ಟೇ ಮನ್ನಾಏಖೇಳ್ಳಿಯಲ್ಲಿ ಕುದುರಿತ್ತು. ಕಾಕಾ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದ.

‘ಬಂದೂಕ ನಂದ ಅಂತ ಬೀಗರಿಗೆ ಹೇಳೀನಿ. ಇನ್ನ ನನ್ನ ಮಗನ ಹೆಸರಿಗಿ ಆಗ್ತದ ಅಂತ ಅವ್ರ ಮುಂದ ಅಂತೀನಿ. ನೀ ಹೂಂ ಅಂದ್ರ ಸಾಕು.’

‘ಹೂಂ ಅನ್ನದಿದ್ರ?’

‘ತಂಗಿ ಲಗ್ನ ಅದ ನೋಡವಾ. ನಿನ್ನ ಸಲುವಾಗಿ ಸಂಬಂಧ ಮುರೀಬಾರ್ದು.’

ನನಗೆ ಮೈ ಉರಿಯಿತು. ಹೆದರಿಕೆಯೂ ಆಯಿತು. ಬೀಗರ ಮುಂದೆ ಆಡಿದ ಹೂಂ ನಮ್ಮಲ್ಲಿ ಕೋರ್ಟಿನ ತೀರ್ಪಿಗಿಂತ ಗಟ್ಟಿ. ಹೂಂ ಅಂದರೆ ರೈಫಲ್ ಹೋಯಿತು, ಅನ್ನದಿದ್ದರೆ ತಂಗಿಯ ಮದುವೆ ಕೆಡಿಸಿದವಳು ನಾನು.

ಮಂಗಳಾರತಿಯಾಯಿತು. ನಳಿಗೆಯಲ್ಲಿ ಕಡ್ಡಿ ಉರಿದು ಮುಗಿದಿತ್ತು. ಕಾಕಾ ರೈಫಲ್ಲನ್ನು ಎತ್ತಿಕೊಂಡು ಚಿರತೆಯ ಕತೆ ಶುರುವಿಟ್ಟುಕೊಂಡ. ಬೀಗರು ಕೇಳಿದರು: ‘ಇದು ಹ್ಯಾಂಗ ತೆರೀತದ್ರಿ? ತೋರಸ್ರಿ ಸ್ವಲ್ಪ.’

ಕಾಕಾ ಚಿಲಕದ ಹಿಡಿ ಹಿಡಿದು ಜಗ್ಗಿದ. ಬರಲಿಲ್ಲ. ಕಾಲು ಊರಿ ಜಗ್ಗಿದ. ದಿನಾ ಅಂಗಡಿ ಬಾಗಿಲ ಚಿಲಕವನ್ನು ಎತ್ತಿ ಎಳೆಯುವ ಮನುಷ್ಯನಿಗೆ ಇದನ್ನು ಎತ್ತಬೇಕೆಂದು ಹೊಳೆಯಲಿಲ್ಲ.

‘ಜಾಮ್ ಆಗ್ಯಾದ್ರಿ. ಭಾಳ ದಿನ ಆತಲ್ಲ’ ಎಂದು ಬೆವರು ಒರೆಸಿಕೊಂಡು ಒಳಗೆ ಕೂಗಿದ, ‘ಏ, ಆ ಕುಟ್ಟೋ ಕಲ್ಲು ತರ್ರಿ!’

ಬೆಳ್ಳುಳ್ಳಿ ಕುಟ್ಟುವ ಕಲ್ಲು ಬಂದೇ ಬಿಟ್ಟಿತು. ಅಪ್ಪ ಎಣ್ಣೆ ಹಚ್ಚಿ ಸಾಕಿದ ಚಿಲಕದ ಮೇಲೆ ಕಾಕಾ ಅದನ್ನು ಎತ್ತಿದ್ದನ್ನು ನೋಡಿದ ಮೇಲೆ ಮದುವೆ, ಬೀಗರು, ಮರ್ಯಾದೆ ಯಾವುದೂ ನೆನಪಿಗೆ ಬರಲಿಲ್ಲ. ಹೋಗಿ ರೈಫಲ್ ಕಿತ್ತುಕೊಂಡೆ. ಎತ್ತಿದೆ, ಎಳೆದೆ. ಬೆಣ್ಣೆಯಲ್ಲಿ ಚಮಚ ಜಾರಿದ ಹಾಗೆ ಬಂತು. ಬೀಗರು ಒಳಗೆ ಇಣುಕಿದರು. ಮೇಲೆ ಮುಖ ಮಾಡಿದ್ದ ನಳಿಗೆಯೊಳಗಿನ ಬೂದಿ ತೆರೆದ ಕಡೆಯಿಂದ ಜಾರಿ ಅವರ ಬಿಳಿ ಅಂಗಿಯ ಮೇಲೆ ಬಿತ್ತು.

‘ಈ ಬೂದಿ ಆ ಚಿರತೀದೇ ಏನ್ರಿ?’ ಎಂದರು, ಅಂಗಿ ಜಾಡಿಸಿಕೊಳ್ಳುತ್ತ.

ಎಲ್ಲರೂ ನಕ್ಕರು. ಕಾಕಾನೂ ನಕ್ಕು, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ‘ನಾನೇ ಕಲಿಸೀನ್ರಿ ಅಕೀಗಿ’ ಎಂದ.

‘ಹೌದ್ರಿ, ಕಾಕಾನೇ ಕಲಿಸ್ಯಾರ’ ಎಂದೆ. ತೆರೆದ ರೈಫಲ್ಲನ್ನು ಹಾಗೆಯೇ ಅವನ ಕೈಗಿಟ್ಟೆ. ‘ಈಗ ಮುಚ್ಚಿ ತೋರಸ್ರಿ ಕಾಕಾ.’

ಅವನು ತಳ್ಳಿದ, ಇಳಿಸಲು ಮರೆತ, ಚಿಲಕ ಮತ್ತೆ ಹಿಂದಕ್ಕೆ ಜಾರಿತು. ಮತ್ತೆ ತಳ್ಳಿದ, ಮತ್ತೆ ಜಾರಿತು. ಬೀಗರು ಎದ್ದು ಅದನ್ನು ಮೆಲ್ಲನೆ ತೆಗೆದುಕೊಂಡು ನನಗೇ ಕೊಟ್ಟರು. ‘ತಗೋ ತಂಗಿ. ಇನ್ನ ಊಟಕ್ಕ ಏಳೋಣ ನಡೀರಿ.’ ಮಗನ ಹೆಸರು ಕಾಕಾನ ಬಾಯಿಂದ ಹೊರಬೀಳಲೇ ಇಲ್ಲ. ಮದುವೆ ಚೆನ್ನಾಗಿಯೇ ಆಯಿತು.

ಈ ವರ್ಷ ಪೂಜೆ ಬಸವಕಲ್ಯಾಣದಲ್ಲಿ, ನನ್ನ ಮನೆಯಲ್ಲಿ. ಕಾಕಾ ತೆಂಗಿನಕಾಯಿ ಹಿಡಿದುಕೊಂಡು ಬಂದ. ಅರಿಶಿಣ ಹಚ್ಚಿದ, ಊದಿನಕಡ್ಡಿ ಹೊತ್ತಿಸಿದ, ನಳಿಗೆಯ ಹತ್ತಿರ ಒಯ್ದ ಕೈಯನ್ನು ಅಲ್ಲೇ ನಿಲ್ಲಿಸಿ ನನ್ನತ್ತ ತಿರುಗಿದ.

‘ಎಲ್ಲಿ ಚುಚ್ಚಲಿ ಯವ್ವಾ?’

‘ಬಾಳೆಹಣ್ಣಿಗಿ ಚುಚ್ಚರಿ ಕಾಕಾ’ ಎಂದೆ.