ಸೀರೆಯ ಗಂಟು ಎಲ್ಲಿ ಕಟ್ಟಬೇಕು?

'ಸರ್, ನಿಮ್ಮ ಪೇಷಂಟ್ ಓಡಿ ಹೋಗ್ಯಾರ್ರಿ!'

ಬೆಳಗಿನ ಚಹಾ ಇನ್ನೂ ಕೈಯಲ್ಲಿತ್ತು. ಫೋನ್ ಮಾಡಿದ್ದು ವಿಜಯಪುರದ ಆಸ್ಪತ್ರೆಯೊಂದರ ಸಿಸ್ಟರ್. ಓಡಿ ಹೋದವಳು ಮುಳವಾಡದ ಗೌರವ್ವ, ವಯಸ್ಸು ಐವತ್ತೆರಡು. ಮರುದಿನ ಆಕೆಗೆ ಆಪರೇಷನ್. ಡ್ಯೂಟಿ ಬದಲಾಗುವ ಹೊತ್ತು ನೋಡಿ, ಆಸ್ಪತ್ರೆಯ ಅಂಗಿ ಕಳಚಿಟ್ಟು, ತನ್ನ ಸೀರೆ ಉಟ್ಟುಕೊಂಡು ಬಸ್ ಹತ್ತಿಬಿಟ್ಟಿದ್ದಳು. (ಅಂಗಿಯನ್ನು ನೀಟಾಗಿ ಮಡಚಿಟ್ಟಿದ್ದಳು ಅನ್ನುವುದನ್ನು ಸಿಸ್ಟರ್ ಎರಡು ಸಲ ಹೇಳಿದರು.)

'ನಿಮ್ಮ ಪೇಷಂಟ್' ಅಂದರೆ ನಾನೇನು ಡಾಕ್ಟರ್ ಅಲ್ಲ. ಸಿಂದಗಿಯಲ್ಲಿ ಗಣಿತ ಮೇಷ್ಟ್ರಾಗಿ ರಿಟೈರ್ ಆದವನು. ಆರು ವರ್ಷದ ಹಿಂದೆ ಕ್ಯಾನ್ಸರ್ ಬಂದು, ಕೆಳಗಿನ ದಾರಿ ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಕೂರಿಸಿದ್ದಾರೆ. ಅದರ ಮೇಲೆ ಒಂದು ಚೀಲ ಅಂಟಿಸಿಕೊಂಡು ಓಡಾಡುತ್ತೇನೆ. ಎಲ್ಲರಿಗೂ ಹಿಂದೆ ಆಗುವ ಕೆಲಸ ನನಗೆ ಮುಂದೆ ಆಗುತ್ತದೆ, ಅಷ್ಟೇ ವ್ಯತ್ಯಾಸ. ಇದಕ್ಕೆ ಕೊಲೊಸ್ಟೊಮಿ ಅನ್ನುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯವರು ಯಾರೇ ಈ ಆಪರೇಷನ್‌ಗೆ ಬಂದರೂ ಸಿಸ್ಟರ್ ನನಗೆ ಹೇಳಿ ಕಳಿಸುತ್ತಾರೆ. ನಾನು ಹೋಗಿ, 'ನೋಡ್ರಿ, ನಾನು ಉಣ್ತೇನಿ, ತಿರಗಾಡ್ತೇನಿ, ಬದುಕೇನಿ' ಅಂತ ಮುಖ ತೋರಿಸಿ ಬರುತ್ತೇನೆ. ಸಂಬಳವಿಲ್ಲದ ನೌಕರಿ. ರಿಟೈರ್‌ಮೆಂಟೂ ಇಲ್ಲ.

'ಹೆಣ್ಣುಮಗಳು ಅಂತೀರಿ, ನಾನೂ ಬರ್ತೇನಿ' ಅಂತ ನನ್ನ ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. ಬಾಗೇವಾಡಿಯವರೆಗೆ ಬಸ್, ಮುಂದೆ ಟಂಟಂ ಆಟೊ. ದಾರಿಯುದ್ದಕ್ಕೂ ನಾನು ಭಾಷಣ ತಯಾರು ಮಾಡುತ್ತಿದ್ದೆ. ಆಪರೇಷನ್ ತಪ್ಪಿದರೆ ಆಕೆಯ ಕರುಳಿನ ಗಡ್ಡೆ ಕಾಯುತ್ತಾ ಕೂರುವುದಿಲ್ಲ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು.

ಮುಳವಾಡ ಮುಟ್ಟಿದಾಗ ಗೌರವ್ವ ಏನು ಮಾಡುತ್ತಿದ್ದಳು ಅಂತೀರಿ? ರೊಟ್ಟಿ ಬಡಿಯುತ್ತಿದ್ದಳು! ಒಲೆಯ ಮುಂದೆ ನೆಲಕ್ಕೆ ಕೂತು, ಒಂದು ಮೊಣಕಾಲು ಎಬ್ಬಿಸಿ, ಮುಂದಕ್ಕೆ ಬಾಗಿ, ಪಟಪಟ ಅಂತ. ಆಕೆಯ ಜೀವನವೇ ಅದು. ಗಂಡ ತೀರಿಕೊಂಡ ಮೇಲೆ ಊರಿನ ಮದುವೆ, ಬಸುರಿಯರ ಕುಬಸದ ಕಾರ್ಯಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟೇ ಮಗನನ್ನು ಬೆಳೆಸಿದವಳು. ಆ ಮಗ ಬಸವರಾಜ ಬಾಗಿಲಲ್ಲಿ ತಲೆ ಹಿಡಿದುಕೊಂಡು ಕೂತಿದ್ದ.

ನಾನು ಭಾಷಣ ಶುರು ಮಾಡಿದೆ. ಹೆದರಬೇಡವ್ವಾ ಅಂದೆ. ಚೀಲ ವಾಸನೆ ಬರುವುದಿಲ್ಲ ಅಂದೆ. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, 'ಇಲ್ಲೇ ಐತಿ ನೋಡು, ನಿನಗ ಗೊತ್ತಾತೇನು?' ಅಂತ ಕೇಳಿದೆ. ಈ ಡೈಲಾಗಿಗೆ ಎಲ್ಲರೂ ಬೆರಗಾಗುತ್ತಾರೆ. ಆಕೆ ರೊಟ್ಟಿ ತಿರುವಿ ಹಾಕಿದಳು.

'ಅದೆಲ್ಲಾ ಖರೇರಿ ಸರ್. ನಾ ಸೀರಿ ಗಂಟು ಎಲ್ಲಿ ಕಟ್ಟಲಿ?'

'ಕೇಳಿದ್ರ್ಯಾ?' ಬಸವರಾಜ ಎದ್ದು ನಿಂತ. 'ನಿನ್ನೆಯಿಂದ ಇದೊಂದ ಹಾಡು. ಜೀವ ಹೋಗೋ ಹೊತ್ತಿನಾಗ ಇಕಿಗೆ ಸೀರಿ ಚಿಂತಿ!'

ನನಗೆ ನಗು ಬಂತು. ಬಂದದ್ದನ್ನು ಒಪ್ಪಿಕೊಳ್ಳಬೇಕು. ಹೆಂಗಸರು ಎಲ್ಲಿ ಹೋದರೂ ಸೀರೆ ಬಿಡುವುದಿಲ್ಲ ನೋಡು ಅಂತ ಒಂದು ಹಗುರ ಮಾತನ್ನೂ ಆಡಿದೆ. ನನ್ನ ಹೆಂಡತಿ ಮಾತ್ರ ನಗಲಿಲ್ಲ.

'ಗಂಡಸರು ಸ್ವಲ್ಪ ಹೊರಗ ಹೋಗ್ರಿ' ಅಂದಳು.

ಹತ್ತು ನಿಮಿಷ ನಾನೂ ಬಸವರಾಜನೂ ಕಟ್ಟೆಯ ಮೇಲೆ ಕೂತು ಕಾಲುವೆ ನೀರಿನ ವಿಷಯ ಮಾತಾಡಿದೆವು. ಆಮೇಲೆ ನನ್ನ ಹೆಂಡತಿ ಹೊರಗೆ ಬಂದಳು. 'ಡಾಕ್ಟರ್ ಹಾಕಿದ ಗುರುತು ಸರಿಯಾಗಿ ಗಂಟಿನ ಬುಡಕ್ಕ ಐತಿ. ಅಕಿ ರೊಟ್ಟಿ ಬಡಿಯಾಕ ಕೂತ್ರ ಹೊಟ್ಟಿ ಮಡಿಕಿಯೊಳಗ ಮುಚ್ಚಿ ಹೋಗ್ತೈತಿ. ಅಲ್ಲಿ ನಿಮ್ಮ ಚೀಲ ಅಂಟ್ತೈತೇನು?'

ಅಂಟುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಡಿಕೆಯಲ್ಲಿ ಅಂಟು ಬಿಡುತ್ತದೆ. ಮೇಲೆ ಗಂಟು ಬಿಗಿದರೆ ಚೀಲದೊಳಗೆ ಇಳಿಯಬೇಕಾದದ್ದು ಇಳಿಯದೆ ಪಕ್ಕಕ್ಕೆ ಸೋರುತ್ತದೆ. ಆಪರೇಷನ್‌ಗೆ ಮೊದಲು ಹೊಟ್ಟೆಯ ಮೇಲೆ ಪೆನ್ನಿನಿಂದ ಒಂದು ದುಂಡು ಗುರುತು ಹಾಕುತ್ತಾರೆ, ಕರುಳಿನ ತುದಿ ಹೊರಗೆ ಬರುವುದು ಅಲ್ಲೇ. ಗೌರವ್ವನಿಗೆ ಹಾಕಿದ್ದು ಆಸ್ಪತ್ರೆಯ ಸಡಿಲ ಅಂಗಿಯಲ್ಲಿ, ಮಂಚದ ಮೇಲೆ ಅಂಗಾತ ಮಲಗಿಸಿ. ಮಲಗಿದವರ ಹೊಟ್ಟೆ ಎಲ್ಲರದೂ ಸಪಾಟು. ಆದರೆ ಮಲಗಿಕೊಂಡು ರೊಟ್ಟಿ ಬಡಿಯುವವರು ಯಾರು?

ನನ್ನ ಚೀಲ ಬರುವುದು ಬೆಲ್ಟಿನ ಜಾಗದಲ್ಲಿ. ಆರು ವರ್ಷದಿಂದ ನಾನು ಪ್ಯಾಂಟ್ ಹಾಕಿಲ್ಲ. ಸಡಿಲ ಪಾಯಿಜಾಮ, ಉದ್ದ ಜುಬ್ಬಾ. ಹಳೇ ವಿದ್ಯಾರ್ಥಿಗಳು 'ಸರ್ ಎಷ್ಟು ಸರಳ ಆಗ್ಯಾರ' ಅಂತ ಹೊಗಳುತ್ತಾರೆ. ನಾನು ತಲೆಯಾಡಿಸುತ್ತೇನೆ.

ಒಳಗೆ ಹೋಗಿ ಗೌರವ್ವನಿಗೆ ಕೈ ಮುಗಿದೆ. ತಪ್ಪಾಯಿತು ಅಂದೆ. ನಕ್ಕಿದ್ದಕ್ಕೆ ನಿಜವಾಗಿಯೂ ನಾಚಿಕೆಯಾಗಿತ್ತು.

'ಬ್ಯಾರೆ ಕಡೆ ಗುರುತು ಹಾಕ್ತಾರೇನ್ರಿ?'

'ಕೇಳೋಣ. ಹಾಕದಿದ್ರ ನಾನ ವಾಪಸ್ ಕರಕೊಂಡು ಬರ್ತೇನಿ.' (ಈ ಮಾತು ಕೊಟ್ಟದ್ದಕ್ಕೆ ಹೆಂಡತಿ ನನ್ನನ್ನು ಕೆಕ್ಕರಿಸಿ ನೋಡಿದಳು.)

ಸಂಜೆಯೊಳಗೆ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ಮೊದಲು ಸಿಟ್ಟಾದರು. ಆಮೇಲೆ ನನ್ನ ಹೆಂಡತಿ ವಿಷಯ ಹೇಳಿದಳು. 'ಇದನ್ನ ಮೊದಲೇ ಹೇಳಬಾರದಿತ್ತೇನಮ್ಮಾ?' ಅಂತ ಡಾಕ್ಟರು ಗೌರವ್ವನ ಕಡೆ ತಿರುಗಿದರು.

'ಹೇಳಿದ್ನಲ್ರೀ ಸಾಹೇಬ್ರ. ನೀವು ನಗಾಕತ್ರಿ.'

ಅಲ್ಲಿಗೆ ನಕ್ಕವರು ಇಬ್ಬರಾದೆವು. ಆದರೆ ಆ ಡಾಕ್ಟರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಪರದೆ ಎಳೆಸಿ, ಸಿಸ್ಟರನ್ನು ಜೊತೆಗಿಟ್ಟುಕೊಂಡು, ಗೌರವ್ವನನ್ನು ಇಳಕಲ್ ಸೀರೆಯಲ್ಲೇ ನೆಲಕ್ಕೆ ಕೂರಿಸಿದರು. ರೊಟ್ಟಿ ಬಡಿದು ತೋರಿಸು ಅಂದರು. ಹಿಟ್ಟಿಲ್ಲ, ಒಲೆಯಿಲ್ಲ. ವಾರ್ಡಿನ ಬರಿ ನೆಲದ ಮೇಲೆ ಪಟಪಟ ಸದ್ದು ಪರದೆಯಾಚೆ ಕೂತಿದ್ದ ನಮಗೂ ಕೇಳಿಸಿತು. ಡಾಕ್ಟರೂ ನೆಲಕ್ಕೆ ಕೂತು ನೋಡಿದರಂತೆ. ಹಳೇ ಗುರುತು ಒರೆಸಿ, ಗಂಟಿಗಿಂತ ಮೇಲೆ, ಆಕೆಯ ಕಣ್ಣಿಗೆ ಕಾಣುವ ಹಾಗೆ ಹೊಸದು ಹಾಕಿದರು. ಗೌರವ್ವ ತಾನೇ ಕೈ ಮುಂದೆ ಚಾಚಿ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಆಪರೇಷನ್ ಆಯಿತು. ಮೊನ್ನೆ ನೋಡಲು ಹೋಗಿದ್ದೆವು. ರೊಟ್ಟಿ ಬಡಿಯಲು ಇನ್ನೂ ಸ್ವಲ್ಪ ದಿನ ಬೇಕು, ಭಾರ ಎತ್ತುವ ಹಾಗಿಲ್ಲ. ಒಲೆಯ ಪಕ್ಕ ಕೂತು ಸೊಸೆಗೆ 'ಹಿಟ್ಟು ಇನ್ನೂ ನಾದಬೇಕು' ಅಂತ ಬೈಯುತ್ತಿದ್ದಳು. ಸೀರೆಯ ಗಂಟು ಬಿಗಿಯಾಗಿ, ಅದರ ಜಾಗದಲ್ಲೇ ಇತ್ತು. ಚೀಲ ಒಂದು ಸಲವೂ ಸೋರಿಲ್ಲವಂತೆ. ನನಗೆ ಹೊಟ್ಟೆಕಿಚ್ಚಾಯಿತು.

ಚಹಾ ಕೊಟ್ಟು ಗೌರವ್ವ ನನ್ನ ಪಾಯಿಜಾಮವನ್ನು ಒಂದು ಸಲ ನೋಡಿದಳು.

'ಸರ್, ನಿಮಗ ಗುರುತು ಹಾಕೋ ಮುಂದ ಯಾರರೆ ಕುಂದ್ರಿಸಿ ನೋಡಿದ್ರೇನ್ರಿ?'

ಯಾರೂ ನೋಡಿರಲಿಲ್ಲ. ಪ್ಯಾಂಟ್ ಹಾಕಿಕೊಂಡರೆ ಹೇಗೆ ಅಂತ ಕೇಳಬೇಕೆಂದು ನನಗೂ ಹೊಳೆದಿತ್ತು. ಆದರೆ ನಾನು ಓದಿದವನು ನೋಡಿ, ಬಾಯಿ ಮುಚ್ಚಿಕೊಂಡು ಸಹಿ ಹಾಕಿದ್ದೆ.