ನೂರೆಂಟು ಪೌಂಡಿನ ಗುರುವಾರಗಳು

ಆಗೆಲ್ಲ ನ್ಯೂಜೆರ್ಸಿಯಲ್ಲಿ ತೊಗರಿಬೇಳೆ ಬೇಕೆಂದರೆ ರೈಲು ಹತ್ತಿ ಮ್ಯಾನ್‌ಹಟನ್‌ಗೆ ಹೋಗಬೇಕಿತ್ತು. ಈಗ ಇಲ್ಲೇ ಐಸೆಲಿನ್‌ನಲ್ಲಿ ಕಾರು ನಿಲ್ಲಿಸಿದರೆ ಬೇಳೆಯೇನು, ಬಾಳೆಎಲೆಯೂ ಸಿಗುತ್ತದೆ. ಎಪ್ಪತ್ತರ ದಶಕದಲ್ಲಿ ಇಲ್ಲಿ ಹೈಸ್ಕೂಲು ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮಗೆ ನೆನಪಿರುತ್ತದೆ: ಮನೆಯೊಳಗೆ ಇಂಗಿನ ಒಗ್ಗರಣೆಯ ವಾಸನೆ, ಬಾಗಿಲು ತೆಗೆದರೆ ಹಿಮ, ಕಾರ್ಖಾನೆಯ ಹೊಗೆ, ನಮ್ಮ ಹೆಸರನ್ನು ನೆಟ್ಟಗೆ ಹೇಳಬಲ್ಲ ಒಬ್ಬನೂ ಇಲ್ಲದ ಊರು. ನಮ್ಮೂರು ಹ್ಯಾರಿಸನ್. ಅಪ್ಪ ನ್ಯೂಆರ್ಕ್‌ನ ಒಂದು ಕಂಪನಿಯಲ್ಲಿ ಎಂಜಿನಿಯರ್. ನನಗೆ ಹನ್ನೊಂದು ವರ್ಷವಾಗಿದ್ದಾಗ ಮೈಸೂರು ಬಿಟ್ಟು ಬಂದಿದ್ದೆವು.

ಹೈಸ್ಕೂಲಿನ ಮೊದಲ ವರ್ಷ ನಾನು ಡಬ್ಬಿಯ ಮೊಸರನ್ನವನ್ನು ಲೈಬ್ರರಿಯ ಹಿಂದಿನ ಮೆಟ್ಟಿಲಲ್ಲಿ ಕೂತು ಒಬ್ಬನೇ ತಿನ್ನುತ್ತಿದ್ದೆ. ಕಡ್ಡಿ ಪೈಲ್ವಾನ. ಯಾರು ಬೇಕಾದರೂ ತಳ್ಳಬಹುದಿತ್ತು, ತಳ್ಳುತ್ತಲೂ ಇದ್ದರು. ಒಂದು ದಿನ ಹಾಗೆ ಬಿದ್ದವನನ್ನು ಎತ್ತಿ ನಿಲ್ಲಿಸಿದವನು ಟೋನಿ, ನನ್ನ ತರಗತಿಯವನೇ. ‘ನಿನ್ನಷ್ಟು ಹಗುರದವರು ನಮ್ಮ ಟೀಮಿಗೆ ಬೇಕು’ ಎಂದು ಹೇಳಿ ಬಾಯ್ಲರ್ ಕೋಣೆಯ ಪಕ್ಕದ ನೆಲಮಾಳಿಗೆಗೆ ಕರೆದುಕೊಂಡು ಹೋದ. ಅದು ಕುಸ್ತಿಯ ಟೀಮು. ಬೆವರು, ನೋವಿನೆಣ್ಣೆ, ಚಾಪೆ ಒರೆಸುವ ಔಷಧಿ ಎಲ್ಲ ಸೇರಿ ಮೂಗಿಗೆ ಹೊಡೆಯುವ ವಾಸನೆ. ಒಂದು ವಾರದಲ್ಲಿ ಆ ವಾಸನೆ ಬಂದರೆ ನನಗೆ ಮನೆಗೆ ಬಂದಷ್ಟು ಸಮಾಧಾನವಾಗತೊಡಗಿತು. ಕೋಚ್‌ಗೆ ಶ್ರೀಧರ ಎನ್ನಲು ನಾಲಿಗೆ ತಿರುಗದು. ಸಿಡ್ ಎಂದರು. ಹದಿನೆಂಟು ಹುಡುಗರು ಒಟ್ಟಿಗೆ ‘ಸಿಡ್! ಸಿಡ್!’ ಎಂದು ಕೂಗಿದಾಗ ನನಗೆ ಅಳುವೇ ಬಂದಿತ್ತು.

ಅಪ್ಪ ನಕ್ಕಿದ್ದೇ ನಕ್ಕಿದ್ದು. "ಮೈಸೂರಲ್ಲಿ ಗರಡಿಮನೆ ಮುಂದೆ ನಿಂತ್ಕೊಂಡ್ರೆ ನಮ್ಮಪ್ಪ ಕಿವಿ ಹಿಂಡೋರು. ನೀನು ಅಮೆರಿಕಾಗೆ ಬಂದು ಜಟ್ಟಿ ಆದ್ಯಲ್ಲೋ!"

ಎರಡು ವರ್ಷದಲ್ಲಿ ನನಗೆ ಭುಜ ಬಂತು, ಗಂಟಲು ಬಂತು. ಊಟದ ಹೊತ್ತಿಗೆ ಟೀಮಿನವರ ಮೇಜಿನಲ್ಲಿ ನನಗೊಂದು ಜಾಗ ಬಂತು. ಟೋನಿ ನನ್ನ ಚಿತ್ರಾನ್ನವನ್ನು ಅರ್ಧಕ್ಕರ್ಧ ಕಸಿದು ತಿನ್ನುತ್ತಿದ್ದ. ಆ ಜಾಗ ಕಳೆದುಕೊಳ್ಳಬಾರದು ಎಂಬ ಆಸೆಯೊಂದೇ ನನ್ನ ತಲೆಯಲ್ಲಿತ್ತು, ಇದನ್ನು ನೀವು ಮರೆಯಬೇಡಿ. ಮುಂದೆ ಮಾಡಿದ್ದೆಲ್ಲ ಆ ಒಂದು ಮೇಜಿಗಾಗಿ.

ಕುಸ್ತಿಯಲ್ಲಿ ತೂಕಕ್ಕೆ ತಕ್ಕ ಜೋಡಿ. ನನ್ನದು ನೂರೆಂಟು ಪೌಂಡಿನ ವರ್ಗ. ಮೂರನೆಯ ವರ್ಷ ಮೈ ಬೆಳೆದು ನೂರಹದಿನಾಲ್ಕಾಯಿತು. ಒಂದು ವರ್ಗಕ್ಕೆ ಟೀಮಿನಿಂದ ಒಬ್ಬನೇ; ಮೇಲಿನ ವರ್ಗದಲ್ಲಿ ಟೋನಿಯೇ ಇದ್ದ, ಅವನನ್ನು ಸೋಲಿಸುವುದು ನನ್ನಿಂದಾಗದು. ಶುಕ್ರವಾರ ಮಧ್ಯಾಹ್ನ ತೂಕ, ಆಮೇಲೆ ಪಂದ್ಯ. ಹಾಗಾಗಿ ಗುರುವಾರ ಪೂರ್ತಿ ನೀರೂ ಕುಡಿಯದೆ, ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಾಯ್ಲರ್ ಪಕ್ಕ ಓಡುವುದು, ಉಗುಳು ಬತ್ತುವ ತನಕ ಡಬ್ಬಕ್ಕೆ ಉಗುಳುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು, ಯಾರಿಗೂ ತಪ್ಪು ಅನ್ನಿಸುತ್ತಿರಲಿಲ್ಲ.

ಆದರೆ ನಮ್ಮಮ್ಮನ ಮನೆಯಲ್ಲಿ ತಿನ್ನದೆ ಹೊಸಿಲು ದಾಟುವುದುಂಟೆ? ಮೊದಲ ಗುರುವಾರ ಮೆಂತ್ಯದ ದೋಸೆ ಮುಟ್ಟದೆ ಎದ್ದೆ.

"ಏನೋ ಮಗೂ, ಮೈ ಸರಿಯಿಲ್ವಾ? ತಟ್ಟೆ ಹಾಗೇ ಇದ್ಯಲ್ಲೋ."

ತೂಕ ಇಳಿಸುತ್ತಿದ್ದೇನೆ ಎಂದರೆ ಅಂದೇ ಕುಸ್ತಿ ಬಂದ್. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನಾನು ಅವತ್ತು ಕನ್ನಡದಲ್ಲಿ ಹೇಳಿದೆ: "ಇವತ್ತು ಗುರುವಾರ ಅಲ್ವೇನಮ್ಮಾ? ಇನ್ಮೇಲೆ ರಾಯರ ಹೆಸರಲ್ಲಿ ಉಪವಾಸ ಇರೋಣ ಅಂತ."

ಅಮ್ಮ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ನಿಂತುಬಿಟ್ಟಳು. ಕಣ್ಣು ತುಂಬಿ ಬಂತು. "ಈ ದೇಶಕ್ಕೆ ಬಂದು ನಿನ್ನನ್ನ ಹಾಳು ಮಾಡಿದ್ವಿ ಅಂತಿದ್ದೆನಲ್ಲೋ! ಇವತ್ತೇ ನಿಮ್ಮಜ್ಜಿಗೆ ಕಾಗದ ಬರೀತೀನಿ" ಎಂದಳು. ನಾನು ಒಳಗೊಳಗೇ ನಕ್ಕೆ. ಬೆಂಕಿ ಬೀಳಲಿ ಆ ನಗುವಿಗೆ.

ಮುಂದಿನ ಗುರುವಾರದಿಂದ ಅಮ್ಮನೂ ನನ್ನ ಜೊತೆ ಉಪವಾಸ ಶುರುಮಾಡಿದಳು. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಗ್ಗೆ ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸಿ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಡಾಕ್ಟರ ಬಳಿ ಅವಳ ಜೊತೆ ಹೋದವನು ನಾನೇ. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವನೂ ನಾನೇ: ‘ಸೂಜಿ ಹಾಕ್ಕೊಂಡ್ಮೇಲೆ ತಿನ್ನಲೇಬೇಕಂತೆ ಅಮ್ಮ. ಕೈ ನಡುಗಿದ್ರೆ, ಬೆವರು ಬಂದ್ರೆ ತಕ್ಷಣ ಸಕ್ಕರೆ ತಿನ್ಬೇಕಂತೆ.’

ನ್ಯೂಯಾರ್ಕಿನ ಜೆರಿಕೋದಿಂದ ಒಂದು ಭಾನುವಾರ ಸರಳಾ ಆಂಟಿ ಬಂದಿದ್ದರು. ಧಾರವಾಡದವರು, ಗಂಡ ಡಾಕ್ಟರು. ಅಮ್ಮ ನನ್ನ ವ್ರತದ ಕಥೆ ಹೇಳಿದಳು.

"ಅಯ್ಯ, ಎಂಥಾ ಮಗನ್ನ ಹಡದೀರಿ ವೈನಿ! ನಮ್ಮ ಹುಡುಗೂರು ದೇವರ ಮುಂದ ನಿಲ್ರಿ ಅಂದ್ರ ಟಿವಿ ಮುಂದ ಕೂಡ್ತಾವ" ಎಂದ ಆಂಟಿ, ಆಮೇಲೆ ದನಿ ತಗ್ಗಿಸಿದರು. "ಆದ್ರ ನೀವು ಸೂಜಿ ತಗೋತೀರಿ. ನಿಮಗ್ಯಾಕ ಬೇಕು ಈ ಉಪಾಸ?"

"ಔಷಧಿಗೆ ದೋಷ ಇಲ್ಲ ಬಿಡಿ, ಅದನ್ನ ತಪ್ಪಿಸಲ್ಲ. ಊಟ ಮಾತ್ರ ಬಿಡೋದು. ಮಗ ಹಸ್ಕೊಂಡಿರುವಾಗ ತಾಯಿ ಗಂಟಲಲ್ಲಿ ಅನ್ನ ಹೇಗೆ ಇಳಿಯತ್ತೆ ಹೇಳಿ?"

ಸೂಜಿ ಚುಚ್ಚಿಕೊಂಡು ಉಪವಾಸವಿರುವುದೇ ಅಪಾಯ ಎಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ಕೂತಿದ್ದೆ. ಆಂಟಿ ಇನ್ನೂ ಎರಡು ಸಲ ಹೇಳಿ ಮಾತು ಬದಲಿಸಿದರು. ಅಪ್ಪನಿಗೆ ನನ್ನ ವ್ರತ ಗೊತ್ತಿತ್ತು, ಅಮ್ಮನೂ ಹಗಲೆಲ್ಲ ಊಟ ಬಿಡುವುದು ಗೊತ್ತಿರಲಿಲ್ಲ. ಅವರು ಆರಕ್ಕೇ ಕೆಲಸಕ್ಕೆ ಹೊರಡುತ್ತಿದ್ದರು, ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದೆವು. ಗುರುವಾರ ರಾತ್ರಿ ಅಮ್ಮ ಒಂದಿಷ್ಟು ಅವಲಕ್ಕಿ ತಿನ್ನುತ್ತಿದ್ದಳು, ನಾನು ತಿಂದಂತೆ ಮಾಡಿ ಕರವಸ್ತ್ರಕ್ಕೆ ಸುರಿದುಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ಸುತ್ತಲ ಶಾಲೆಗಳೆಲ್ಲ ಸೇರುವ ದೊಡ್ಡ ಪಂದ್ಯ. ಆ ವಾರ ನಾಲ್ಕು ಪೌಂಡು ಇಳಿಸಬೇಕಿತ್ತು. ಅಪ್ಪ ಕಂಪನಿಯ ಕೆಲಸದ ಮೇಲೆ ಎರಡು ದಿನ ಊರಲ್ಲಿರಲಿಲ್ಲ. ಬುಧವಾರ ರಾತ್ರಿಯೇ ಊಟ ಬಿಟ್ಟೆ. ‘ಈ ಸಲ ನಿಷ್ಠೆಯಿಂದ ಮಾಡ್ತೀನಮ್ಮ’ ಎಂದೆ. ಅಮ್ಮನೂ ಬಿಟ್ಟಳು.

ಗುರುವಾರ ಬೆಳಗ್ಗೆ ಅವಳು ಅಡುಗೆಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ಕಿಟಕಿಯ ಹೊರಗೆ ಮೊಣಕಾಲುದ್ದ ಹಿಮ. ಅವಳ ಹಣೆಯ ಮೇಲೆ ಬೆವರು. ಸ್ವೆಟರಿನ ಗುಂಡಿ ಒಂದಕ್ಕೊಂದು ತಪ್ಪಾಗಿ ಹಾಕಿದ್ದಳು. ಸೂಜಿ ಆಗಲೇ ಆಗಿತ್ತು. ಲೋಟಕ್ಕೆ ಹಾಲು ಬಗ್ಗಿಸಲು ಹೋಗಿ ಅರ್ಧ ಕಟ್ಟೆಯ ಮೇಲೆ ಚೆಲ್ಲಿದಳು.

"ಯಾಕೋ ತಲೆ ತಿರುಗತ್ತೆ ಕಣೋ. ನೀನು ಒಂದು ಲೋಟ ಹಾಲು ಕುಡಿ, ನಾನೂ ಒಂದು ಲೋಟ ಕುಡೀತೀನಿ. ರಾಯರೇನೂ ತಪ್ಪು ತಿಳ್ಕೊಳಲ್ಲ."

ಒಂದು ಲೋಟ ಹಾಲು ಅರ್ಧ ಪೌಂಡು ತೂಗುತ್ತದೆ. ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೆ.

"ನೀನು ಕುಡಿಯಮ್ಮ. ನಂಗೆ ಬೇಡ."

"ನೀನು ಬಿಟ್ಟು ನಾನ್ ಹೇಗೋ ಕುಡೀಲಿ?"

"ವ್ರತ ಅಂದ್ರೆ ವ್ರತ ಅಮ್ಮ. ನಂಗೆ ಲೇಟಾಯ್ತು."

ಅವಳು ನಕ್ಕಳು. ಹೆಮ್ಮೆಯಿಂದ ನಕ್ಕಳು, ದೇವರಾಣೆಗೂ. ಹಾಲನ್ನು ತಿರುಗಿ ಫ್ರಿಜ್ಜಿನಲ್ಲಿಟ್ಟಳು. ನಾನು ಬೂಟು ಹಾಕಿಕೊಂಡು ಹೊರಟೆ. ಸಕ್ಕರೆ ಡಬ್ಬಿ ನನ್ನ ಕೈಗೆಟುಕುವ ಗೂಡಿನಲ್ಲೇ ಇತ್ತು. ಒಂದು ಚಮಚ ಕೊಟ್ಟಿದ್ದರೆ ಸಾಕಿತ್ತು. ನಿಜ ಹೇಳಿದ್ದರೆ ಅದೂ ಬೇಕಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಬಾಯ್ಲರ್ ಪಕ್ಕ ಒಂದೂವರೆ ಗಂಟೆ ಓಡಿದೆ. ಮನೆಗೆ ಬಂದಾಗ ದೀಪ ಹಾಕಿರಲಿಲ್ಲ. ಅಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಬಾಯಿಯ ಪಕ್ಕದಲ್ಲಿ ನೊರೆ ಒಣಗಿತ್ತು. ಉಸಿರಿತ್ತು. ಸಕ್ಕರೆ ತೆಗೆದು ಅವಳ ತುಟಿಗೆ, ಹಲ್ಲಿಗೆ ತಿಕ್ಕಿದೆ. ಒಳಗೆ ಇಳಿಯಲಿಲ್ಲ. ಆಂಬ್ಯುಲೆನ್ಸಿನವರು ‘ಎಷ್ಟು ಹೊತ್ತಿನಿಂದ ಹೀಗಿದ್ದಾರೆ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಇದನ್ನೂ ಹೇಳಿಬಿಡುತ್ತೇನೆ. ಮರುದಿನ ಬೆಳಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ತೂಕದ ಯಂತ್ರವಿತ್ತು. ಗಾಜಿನ ಆಚೆ ಅಮ್ಮ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ನಾನು ಅದರ ಮೇಲೆ ಹತ್ತಿ ನಿಂತೆ. ನೂರಾ ಏಳೂವರೆ. ಒಂದು ಕ್ಷಣ ಖುಷಿಯಾಯಿತು. ಆ ಕ್ಷಣಕ್ಕಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಕುಸ್ತಿಗೆ ನಾನು ಮತ್ತೆ ಹೋಗಲಿಲ್ಲ. ಟೋನಿ ಎರಡು ಸಲ ಮನೆಗೆ ಬಂದು ಬಾಗಿಲು ತಟ್ಟಿದ. ನಾನು ಪರದೆಯ ಹಿಂದೆ ನಿಂತು ಅವನು ಹೋಗುವ ತನಕ ಕಾದೆ. ಹೈಸ್ಕೂಲಿನ ಕೊನೆಯ ವರ್ಷ ಮತ್ತೆ ಲೈಬ್ರರಿಯ ಮೆಟ್ಟಿಲಲ್ಲಿ ಒಬ್ಬನೇ ತಿಂದೆ.

ಹನ್ನೊಂದು ದಿನಕ್ಕೆ ಅಮ್ಮ ಕಣ್ಣು ಬಿಟ್ಟಳು. ಆದರೆ ಮಿದುಳಿಗೆ ಬಿದ್ದ ಪೆಟ್ಟು ಬಿದ್ದಾಗಿತ್ತು. ನನ್ನನ್ನು ಒಮ್ಮೊಮ್ಮೆ ತನ್ನ ತಮ್ಮ ಎನ್ನುತ್ತಿದ್ದಳು. ಸ್ನಾನ, ಊಟ ಎಲ್ಲ ನಾವೇ ಮಾಡಿಸಬೇಕು. ಎಲ್ಲ ಮರೆತರೂ ಒಂದು ಮಾತ್ರ ಉಳಿದಿತ್ತು. ತುತ್ತು ಬಾಯಿಯ ಹತ್ತಿರ ತಂದಾಗೆಲ್ಲ ಕೇಳುವಳು, "ಇವತ್ತು ಗುರುವಾರವಾ? ಮಗ ತಿಂದ್ನಾ?" ಗುರುವಾರವೆಂದರೆ ಬಾಯಿ ತೆರೆಯುತ್ತಿರಲಿಲ್ಲ. "ಶುಕ್ರವಾರ ಅಮ್ಮ, ಅವನು ತಿಂದಾಯ್ತು" ಎನ್ನುತ್ತಿದ್ದೆ. ಆರು ವರ್ಷ, ದಿನಕ್ಕೆ ಮೂರು ಸಲ ಹೇಳಿದೆ. ಕಾಲೇಜಿಗೂ ಮನೆಯಿಂದಲೇ ಹೋಗಿ ಬಂದೆ.

ಅವಳು ಹೋದ ಮೇಲೆ ಅಪ್ಪ ನನ್ನ ಜೊತೆ ಬಹಳ ವರ್ಷ ಇದ್ದರು. ಅಮ್ಮನ ವಿಷಯ ನಾವು ಮಾತಾಡುತ್ತಿರಲಿಲ್ಲ. ಪ್ರತಿ ಗುರುವಾರ ಮಾತ್ರ, ನನ್ನ ವ್ರತವೆಂದು, ಅವರು ನನ್ನ ತಟ್ಟೆ ಹಾಕುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅವರ ಕೊನೆಯ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡರು.

"ನಿಮ್ಮಮ್ಮ ಆರು ವರ್ಷ ಜೀವ ಹಿಡ್ಕೊಂಡಿದ್ದು ನಿನ್ನ ವ್ರತದ ಪುಣ್ಯ ಕಣೋ. ನಿನ್ನಂಥ ಮಗ ಯಾರಿಗೂ ಸಿಗಲ್ಲ."

ಹೇಳಬೇಕಿತ್ತು. ನಾಲಿಗೆಯ ತುದಿಯ ತನಕ ಬಂದಿತ್ತು. "ಹೂಂ ಅಪ್ಪ" ಎಂದೆ. ಅವರು ಸಮಾಧಾನದಿಂದ ಕಣ್ಣು ಮುಚ್ಚಿ ನಿದ್ದೆಹೋದರು. ವಸಂತ ಬರುವ ಮೊದಲು ತೀರಿಕೊಂಡರು.

ಆ ಟೀಮಿನಲ್ಲಿ ಬೆಳೆದ ಭುಜ ಯಾವತ್ತೋ ಇಳಿದುಹೋಯಿತು. ಟೋನಿ ಎಲ್ಲಿದ್ದಾನೋ ತಿಳಿಯದು. ಅಮ್ಮನಿಗೆ ಹೇಳೋಣವೆಂದರೆ ಕೇಳಿ ಅರ್ಥಮಾಡಿಕೊಳ್ಳುವ ಅಮ್ಮ ನನ್ನ ಹದಿನಾರನೆಯ ವಯಸ್ಸಿನಲ್ಲೇ ಹೋಗಿಬಿಟ್ಟಿದ್ದಳು. ಹೇಳಿದ್ದರೆ ಅಪ್ಪ ನನಗೆ ಹೊಡೆಯುತ್ತಿದ್ದರೋ, ತಬ್ಬಿಕೊಳ್ಳುತ್ತಿದ್ದರೋ, ಅದೂ ಇನ್ನು ನನಗೆ ಗೊತ್ತಾಗುವುದಿಲ್ಲ.