ಎಡಗಣ್ಣಿಗೊಂದು, ಬಲಗಣ್ಣಿಗೊಂದು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಇದನ್ನು ಕೊನೆಗೆ ಹೇಳಿದರೆ ಕಥೆಗೆ ರುಚಿ ಬರುತ್ತದೆ ಅಂತ ನನಗೂ ಗೊತ್ತು. ಆದರೆ ಅಲ್ಲಿಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂಡುವ ತಾಳ್ಮೆ ನನಗಿಲ್ಲ. ಒಮ್ಮೆ ಹಾಗೆ ಇಟ್ಟುಕೊಂಡು ಕೂತದ್ದಕ್ಕೇ ಇಷ್ಟೆಲ್ಲ ಆಯಿತು.

ಕೊಪ್ಪಳ ಜಿಲ್ಲೆಯಾದ ವರ್ಷ ನಾನು ಭಾಗ್ಯನಗರದಲ್ಲಿ ಔಷಧಿ ಅಂಗಡಿ ಇಟ್ಟೆ. ಸುತ್ತಲೂ ಕೂದಲಿನ ಶೆಡ್ಡುಗಳು. ಹೊರಗಿನವರಿಗೆ ಹೇಳಿದರೆ, ಕೂದಲಿನದೂ ಒಂದು ವ್ಯಾಪಾರವೇ ಎಂದು ನಗುತ್ತಾರೆ. ಹೌದಪ್ಪಾ, ಕೂದಲಿನದೇ. ಹೆಂಗಸರು ತಲೆ ಬಾಚಿ ಸುತ್ತಿಟ್ಟ ಉಂಡೆಗಳನ್ನು ಊರೂರು ತಿರುಗಿ, ಸ್ಟೀಲು ಪಾತ್ರೆ ಕೊಟ್ಟು ತರುತ್ತಾರೆ. ಶೆಡ್ಡಿನಲ್ಲಿ ಆ ಉಂಡೆಯನ್ನು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಿ, ಹಣಿಗೆಗೆ ಹಾಕಿ ಎಳೆದು, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಕಟ್ಟುವ ಮೊದಲು ಕರಿ ಕೂದಲಿನ ನಡುವೆ ಸೇರಿಕೊಂಡ ಬಿಳಿ ಕೂದಲನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. ಅದಕ್ಕೆ ಯಂತ್ರವಿಲ್ಲ. ಬರೀ ಕಣ್ಣಿನ ಕೆಲಸ.

ಆ ಕೆಲಸದಲ್ಲಿ ಅಮರಮ್ಮನನ್ನು ಮೀರಿಸುವವರು ಇರಲಿಲ್ಲ. ಹನುಮಸಾಗರದ ಕಡೆಯ ಹೆಣ್ಣುಮಗಳು. ಸಾಲಿಯ ಮುಖ ಕಂಡವಳಲ್ಲ, ಓದು ಬರಹ ಬಾರದು. ಗಂಡ ಗೋಣೆಪ್ಪನ ಹಿಂದೆ ಇಲ್ಲಿಗೆ ಬಂದು ಶಾಮೀದಸಾಬರ ಶೆಡ್ಡು ಸೇರಿದಳು. ಹಿಂದಿನ ಸಾಲಿನ ಧೂಳಿನಲ್ಲಿ ಒಂಬತ್ತು ವರ್ಷ ಕೂತು, ಕೆಮ್ಮುತ್ತ ಕೆಮ್ಮುತ್ತ ಉಂಡೆ ಬಿಡಿಸಿದ ಮೇಲೆ ಅವಳಿಗೆ ಕಿಟಕಿಯ ಜಾಗ ಸಿಕ್ಕಿತು. ಇಡೀ ಶೆಡ್ಡಿಗೆ ಇರುವುದು ಒಂದೇ ಕಿಟಕಿ. ಅಲ್ಲಿ ಕೂತವಳು ಕಟ್ಟನ್ನು ಕೊನೆಯ ಸಲ ನೋಡುವವಳು. ಅವಳು ಬೆಳಕಿಗೆ ಹಿಡಿದು, ಬೆರಳಲ್ಲಿ ಬಿಡಿಸಿ, ಹೂಂ ಅಂದರೆ ಮಾತ್ರ ಅದಕ್ಕೆ ದಾರ. ಬೇರೆ ಶೆಡ್ಡಿನವರೂ ಜಗಳ ಬಂದರೆ "ಅಮರಮ್ಮ ನೋಡ್ಯಾಳೇನು?" ಎಂದು ಕೇಳುತ್ತಿದ್ದರು. ನನ್ನ ಅಂಗಡಿಗೆ ಬಂದರೂ ಅವಳ ಕಣ್ಣು ಸುಮ್ಮನಿರುತ್ತಿರಲಿಲ್ಲ. "ಅಣ್ಣಾರ, ನಿಮ್ಮ ಕಿವಿ ಹಿಂದ ಎರಡು ಬೆಳ್ಳನ್ವು ಅದಾವ. ಹೇಣ್ತಿಗಿ ಗೊತ್ತೈತೋ ಇಲ್ಲೋ?" ಎಂದು ಎಲ್ಲರ ಮುಂದೆ ನನ್ನ ಮಾನ ತೆಗೆಯುತ್ತಿದ್ದಳು. ಆ ಜಾಗದ ಮೇಲೆ ಅವಳಿಗೆ ಎಷ್ಟು ಜೀವವೆಂದರೆ, ಮಗಳ ಬಾಣಂತನಕ್ಕೆ ಕುಷ್ಟಗಿಗೆ ಹೋದವಳು ಆರನೇ ದಿನಕ್ಕೆ ವಾಪಸು ಬಂದು ಕಿಟಕಿಯ ಪಕ್ಕ ಕೂತಿದ್ದಳು. ಮಗಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಶಾಮೀದಸಾಬರದು ಒಂದೇ ನಿಯಮ. ಕಟ್ಟಿದ ಮೇಲೂ ಬಿಳಿ ಕೂದಲು ಸಿಕ್ಕು, ಒಂದೇ ವಾರದಲ್ಲಿ ಕೊಳ್ಳುವವರ ಕಡೆಯಿಂದ ಮೂರು ಕಟ್ಟು ವಾಪಸು ಬಂದರೆ ಕಿಟಕಿ ಬಿಟ್ಟು ಹಿಂದಿನ ಸಾಲಿಗೆ ಹೋಗಬೇಕು. ಅವರು ಕೆಟ್ಟವರಲ್ಲ. ಆದರೆ ಈ ವಿಷಯದಲ್ಲಿ ಸ್ವಂತ ತಂಗಿ ಬಂದು ಅತ್ತರೂ ಕೇಳುವವರಲ್ಲ.

ಎರಡು ಸಾವಿರದ ಹನ್ನೊಂದರ ಡಿಸೆಂಬರ್. ಒಣಗಾಳಿ ಬೀಸುತ್ತಿತ್ತು. ಅಮರಮ್ಮ ಕಣ್ಣು ಕಿರಿದು ಮಾಡಿಕೊಂಡು ಅಂಗಡಿಗೆ ಬಂದಳು.

"ಅಣ್ಣಾರ, ಕಣ್ಣಾಗ ಉಸುಕು ಬಿದ್ದಂಗ ಆಗತೈತ್ರಿ. ನೋಡ್ರಿ, ಹೆಂಗ ಕೆಂಪಗಾಗ್ಯಾವು. ಸಾಹುಕಾರ್ರು ನೋಡಿದ್ರ, ಈಕಿ ಕಣ್ಣು ಹೋದ್ವು ಅಂತ ಎಬ್ಬಿಸಿಬಿಡ್ತಾರ. ಕೆಂಪು ಹೋಗೂವಂಥಾದ್ದು ಏನರ ಕೊಡ್ರಿ."

ಕೆಂಪು ಹೋಗುವಂಥದ್ದು ಕೇಳಿದಳು, ಕೆಂಪು ಹೋಗುವಂಥದ್ದು ಕೊಟ್ಟೆ. ನೀಲಿ ಮುಚ್ಚಳದ ಸಣ್ಣ ಸೀಸೆ. ಅಂಗಡಿಯ ಮುಂದೆಯೇ ಎರಡೂ ಕಣ್ಣಿಗೆ ಹಾಕಿಕೊಂಡು, ಗೋಡೆಯ ಕನ್ನಡಿಯ ಮುಂದೆ ನಿಂತಳು. ಹತ್ತು ನಿಮಿಷದಲ್ಲಿ ಕಣ್ಣು ಬೆಳ್ಳಗೆ. "ಅಯ್ಯ ನನ್ನ ಶಿವನ! ನಿಮ್ಮ ಕೈಗುಣ ಭಾಳ ಛಲೋ ಬಿಡ್ರಿ" ಎಂದಳು. ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ, ಉಬ್ಬಿದೆ.

ಮೊದಲು ದಿನಕ್ಕೆ ಎರಡು ಸಲ ಹಾಕಿಕೊಳ್ಳುತ್ತಿದ್ದಳು, ಆಮೇಲೆ ನಾಲ್ಕು ಸಲ, ಬೇಸಿಗೆ ಬರುವಷ್ಟರಲ್ಲಿ ಲೆಕ್ಕವಿಲ್ಲ. ಹಾಕಿದಾಗ ಬೆಳ್ಳಗೆ, ಇಳಿದಾಗ ಮೊದಲಿಗಿಂತ ಕೆಂಪಗೆ. ಅವಳನ್ನು ನೋಡಿ ಶೆಡ್ಡಿನ ಬೇರೆ ಹೆಂಗಸರೂ ನನ್ನ ಹತ್ತಿರ ಅದನ್ನೇ ಕೇಳಿ ಒಯ್ಯತೊಡಗಿದ್ದರು. ನಾನು ಓದಿ ಪಾಸಾದವನು. ಈ ಔಷಧಿಯನ್ನು ದಿನಾ ಹಾಕಬಾರದು ಎಂದು ಓದಿದ್ದೆ, ಮರೆತಿದ್ದೆ. ಮರೆತಿದ್ದೆ ಅಂದರೆ ಪೂರ್ತಿ ಮರೆತಿರಲಿಲ್ಲ, ನೆನಪು ಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ ಅಷ್ಟೇ. ಒಂದೆರಡು ಸಲ ಬೇರೆಯದನ್ನು ಕೊಟ್ಟು ನೋಡಿದೆ. ಬಿಳಿ ಮುಚ್ಚಳದ್ದು, ಕಣ್ಣಿಗೆ ತೇವ ಕೊಡುವಂಥದ್ದು. ಅದನ್ನು ಹಾಕಿಕೊಂಡು ಕನ್ನಡಿ ನೋಡಿ, "ಇದೇನ್ರಿ, ಬರೇ ನೀರು! ಕೆಂಪು ಹಂಗ ಐತಿ" ಎಂದು ತಿರುಗಿ ಕೊಟ್ಟಳು. ಆಮೇಲೆ ಜೆಲ್ ಕೊಟ್ಟೆ. "ಅಂಟು ಅಂಟು ಆಗತೈತಿ. ಜೈನಾಬೀ ಮುಂದ ಕುಂತ್ರೂ ಮಂಜಿನಾಗ ಕುಂತಂಗ ಕಾಣ್ತಾಳ" ಎಂದು ಅದನ್ನೂ ಒಲ್ಲೆ ಎಂದಳು. ಜೈನಾಬೀ ಅಂದರೆ ಶೆಡ್ಡಿನಲ್ಲಿ ಅವಳ ಪಕ್ಕದಲ್ಲೇ ಕೂಡುವವಳು, ಅವಳ ಜೀವದ ಗೆಳತಿ. ಹೀಗೆ ಅಮರಮ್ಮ ಒಂದೊಂದು ಡ್ರಾಪ್ಸನ್ನೂ ಕನ್ನಡಿಯಲ್ಲಿ ಹೋಲಿಸಿ ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ನಿಂತು ಹೌದಪ್ಪಾ ಹೌದು ಎಂದು ತಲೆ ಆಡಿಸುತ್ತಿದ್ದೆ.

ಜುಲೈನಲ್ಲಿ ಮೊದಲ ಕಟ್ಟು ವಾಪಸು ಬಂತು. ಹದಿನೈದು ದಿನ ಬಿಟ್ಟು ಇನ್ನೊಂದು. ಅಮರಮ್ಮನ ನಗೆ ಹೋಯಿತು. ನನ್ನ ಬಿಳಿ ಕೂದಲಿನ ಸುದ್ದಿ ತೆಗೆಯುವುದನ್ನೂ ಬಿಟ್ಟಳು. ಸೀಸೆ ಸೆರಗಿನ ಗಂಟಿನಲ್ಲೇ ಇರುತ್ತಿತ್ತು.

ಶ್ರಾವಣದ ಒಂದು ಭಾನುವಾರ ಕೊಪ್ಪಳದ ಸಾಲಿಯೊಂದರಲ್ಲಿ ಕಣ್ಣಿನ ಶಿಬಿರ ಇತ್ತು. ಅವ್ವನನ್ನು ಪೊರೆ ತೋರಿಸಲು ಕರೆದುಕೊಂಡು ಹೋಗಿದ್ದೆ. ನೋಡುತ್ತಿದ್ದವರು ಮೈಸೂರು ಕಡೆಯ ಚಿಕ್ಕ ವಯಸ್ಸಿನ ಡಾಕ್ಟರು. ಮೇಜಿನ ಮೇಲೆ ನಾಲ್ಕು ನೀಲಿ ಮುಚ್ಚಳದ ಸೀಸೆಗಳನ್ನು ಸಾಲಾಗಿ ಇಟ್ಟುಕೊಂಡಿದ್ದರು. ನಾನು ಔಷಧಿ ಅಂಗಡಿಯವನು ಎಂದು ಅವ್ವ ಹೆಮ್ಮೆಯಿಂದ ಹೇಳಿದ್ದೇ ತಡ, ಆಕೆ ನನ್ನ ಕಡೆ ತಿರುಗಿದರು.

"ಬೆಳಿಗ್ಗೆಯಿಂದ ಕೂದಲು ಕೆಲಸದ ನಾಲ್ಕು ಜನ ಹೆಂಗಸರು ಬಂದ್ರು. ನಾಲ್ಕೂ ಜನರ ಹತ್ರ ಇದೇ ಸೀಸೆ. ಯಾರ್ರೀ ಕೊಡೋದು ಇದನ್ನ? ರಕ್ತನಾಳ ಬಿಗಿ ಮಾಡಿ ಕೆಂಪು ಮುಚ್ಚುತ್ತೆ ಅಷ್ಟೇ. ಔಷಧಿ ಇಳಿದ ಮೇಲೆ ಇನ್ನೂ ಕೆಂಪಾಗುತ್ತೆ. ಅವರ ಕಣ್ಣು ಒಣಗಿದೆ. ರೆಪ್ಪೆ ಬಡಿಯದೆ ದಿನವಿಡೀ ಕೂದಲು ನೋಡ್ತಾರೆ, ಒಣಗದೆ ಏನಾಗುತ್ತೆ? ಅವರಿಗೆ ಬೇಕಾಗಿರೋದು ತೇವ. ಹಗಲು ತೆಳುವಾದ ಡ್ರಾಪ್ಸು, ಮಲಗುವಾಗ ಜೆಲ್. ತೆರೆದ ಸೀಸೆ ಒಂದು ತಿಂಗಳಾದ ಮೇಲೆ ಎಸೀಬೇಕು. ಇದನ್ನ ಹೇಳೋಕೆ ಅಂಗಡಿಯವರಿಗೆ ಬಾಯಿ ಇಲ್ವಾ?"

"ಯಾರೋ ಕೊಡ್ತಾರ್ರಿ ಮೇಡಂ" ಎಂದೆ.

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಬಸ್ಸಿನಲ್ಲಿ ಅವ್ವ ಏನೋ ಕೇಳಿದರೆ ಏನೋ ಹೇಳಿದೆ. ಅಂಗಡಿಗೆ ಬಂದು ನೀಲಿ ಮುಚ್ಚಳದವನ್ನೆಲ್ಲ ಡಬ್ಬಿಗೆ ತುಂಬಿ ಹಿಂದಿನ ಕೋಣೆಯ ಮಂಚದ ಕೆಳಗೆ ನೂಕಿದೆ. ಕೂತರೆ ಕೂಡಲಾರೆ, ನಿಂತರೆ ನಿಲ್ಲಲಾರೆ. ಹೇಳಿಬಿಡಲೇ? ಹೇಳಿದರೆ, ಗೌರೀಶ ಎಂಟು ತಿಂಗಳು ಹೆಂಗಸರ ಕಣ್ಣು ಹಾಳು ಮಾಡಿದ ಎಂದು ಓಣಿ ತುಂಬ ಆಗುತ್ತದೆ. ಹದಿನೈದು ವರ್ಷದ ಅಂಗಡಿ. ಮೆಲ್ಲಗೆ ಔಷಧಿ ಬದಲಿಸಿಬಿಟ್ಟರೆ ಆಯಿತಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ನನ್ನ ಜಾಣತನಕ್ಕೆ ನಾನೇ ಒಪ್ಪಿಕೊಂಡೆ. ಬೆಂಕಿ ಬೀಳಲಿ ಆ ಜಾಣತನಕ್ಕೆ.

ಸೋಮವಾರ ಬೆಳಿಗ್ಗೆ ಅಮರಮ್ಮ ಬಂದಳು.

"ಅದು ಸ್ಟಾಕ್ ಇಲ್ಲ ಅಮರಮ್ಮಕ್ಕ" ಎಂದು ಬಿಳಿ ಮುಚ್ಚಳದ್ದನ್ನು ಮುಂದಿಟ್ಟೆ. "ಇದು ಹಾಕ್ಕೋರಿ, ಅದಕ್ಕಿಂತ ಛಲೋ."

"ಇದು ನಾ ತಿರುಗಿ ಕೊಟ್ಟಿದ್ದಲ್ರೀ? ಬರೇ ನೀರು?"

"ಕಂಪನಿಯವರು ಸುಧಾರಿಸ್ಯಾರ."

ಅವಳು ನನ್ನ ಮುಖವನ್ನೇ ನೋಡಿದಳು. ಕಟ್ಟು ನೋಡುವ ಹಾಗೆ, ರೆಪ್ಪೆ ಬಡಿಯದೆ. ಆಮೇಲೆ ಸೀಸೆ ತೆಗೆದುಕೊಂಡು ಹೋದಳು. ಮಂಗಳವಾರ ಅಂಗಡಿಯ ಮುಂದೆ ಹಾಯುವಾಗ ಅವಳ ಸೆರಗಿನ ಗಂಟಿನಲ್ಲಿ ನೀಲಿ ಮುಚ್ಚಳ ಕಂಡಿತು. ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲೋ ಕೊಂಡು ತಂದಿದ್ದಳು. ಓಡಿ ಹೊರಗೆ ಬಂದೆ.

"ಅಮರಮ್ಮಕ್ಕಾ!"

"ಏನ್ರಿ ಅಣ್ಣಾರ?"

"ಊಟ ಆತೇನು?"

"ಹತ್ತು ಗಂಟೆಕ್ಕ ಯಾರ ಊಟ ಮಾಡ್ತಾರ್ರಿ?" ಎಂದು ಹೋದಳು. ಬುಧವಾರ, ಗುರುವಾರ, ಶುಕ್ರವಾರ ನಾನು ಅಂಗಡಿಯ ಬಾಗಿಲಿಗೆ ಬರುವುದು, ಒಳಗೆ ಹೋಗುವುದು, ಇದೇ ಕೆಲಸ. ಗಿರಾಕಿ ಜ್ವರದ ಗುಳಿಗೆ ಕೇಳಿದರೆ ಕೆಮ್ಮಿನದು ಕೊಟ್ಟು ಬೈಸಿಕೊಂಡೆ.

ಶನಿವಾರ ಸಂಜೆ ಅಮರಮ್ಮ ಬಂದು ಎರಡೂ ಸೀಸೆಗಳನ್ನು ನನ್ನ ಮುಂದೆ ಇಟ್ಟಳು.

"ಯಾವುದು ಛಲೋ ಅಂತ ಬಾಯಿಲೆ ಹೇಳಿದ್ರ ನಾ ನಂಬಾಕಿ ಅಲ್ರಿ. ಎಡಗಣ್ಣಿಗೆ ನೀಲಿದು ಹಾಕ್ಕೊಂಡೆ, ಬಲಗಣ್ಣಿಗೆ ಬಿಳಿದು. ಬಲಗಣ್ಣಿಗೆ ಸೆರಗು ಮುಚ್ಚಿ ಎಡಗಣ್ಣಿಲೆ ಒಂದು ಕಟ್ಟು ನೋಡೂದು, ಎಡಗಣ್ಣು ಮುಚ್ಚಿ ಬಲಗಣ್ಣಿಲೆ ಇನ್ನೊಂದು. ಎಡದ್ದಕ್ಕ ಕೆಂಪು ದಾರ, ಬಲದ್ದಕ್ಕ ಹಸರು ದಾರ. ಜೈನಾಬೀ ತಿರುಗಿ ಬಿಚ್ಚಿ ನೋಡ್ತಿದ್ಲು. ಮೊದಲ ದಿನ ಎರಡೂ ಒಂದ ಹಂಗ. ಬುಧವಾರ ಬಲಗಣ್ಣಿನ ಕಟ್ಟಿನಾಗ ಆಕಿಗೆ ಎರಡು ಬಿಳಿ ಸಿಕ್ಕವು. ಎಡದ್ದರಾಗ ಹನ್ನೊಂದು."

ನಾನು ನೀಲಿ ಮುಚ್ಚಳದ ಸೀಸೆಯನ್ನು ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಟ್ಟೆ.

"ಕನ್ನಡ್ಯಾಗ ನೋಡಿದ್ರ ಎಡಗಣ್ಣ ಚಂದ್ರಿ. ಬೆಳ್ಳಗ ಐತಿ. ಕೂದಲಾ ನೋಡಾಕ ಹತ್ತಿದ್ರ ಅದು ಕುಡ್ಡು. ಬಲಗಣ್ಣು ಕೆಂಪಗ ಐತಿ, ಆದ್ರ ಉರಿ ಇಲ್ಲ, ಕಾಣತೈತಿ. ಇನ್ನೊಂದು ದಿನ ನೋಡೂಣು, ಖಾತ್ರಿ ಆಗ್ಲಿ ಅಂತ ಬೇಸ್ತವಾರನೂ ಹಾಕ್ಕೊಂಡೆ. ಅವತ್ತು ಜೈನಾಬೀ ಮಗಗ ಮೈಯಾಗ ಆರಾಮಿಲ್ಲ ಅಂತ ಮಧ್ಯಾಹ್ನ ಎದ್ದು ಹೋದ್ಲು. ಕೆಂಪು ದಾರದ್ವು ಮೂರು ಕಟ್ಟು ತಿರುಗಿ ನೋಡದ ಹಂಗ ಹೋದ್ವು."

"ಮೂರೂ?"

"ಮೂರೂ ವಾಪಸ್ ಬಂದ್ವು. ನಿನ್ನೆ ನನ್ನ ಎಬ್ಬಿಸಿದ್ರು."

ಅವಳ ದನಿ ಏರಲಿಲ್ಲ. ಸೀಸೆಗಳನ್ನು ನೋಡುತ್ತಲೇ ಕೇಳಿದಳು: "ನಿಮಗ ಇದು ಗೊತ್ತಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಗೊತ್ತಿತ್ತು" ಎಂದೆ.

"ಯಾವಾಗಿಂದ?"

"ಐತವಾರದಿಂದ. ಶಿಬಿರದಾಗ ಡಾಕ್ಟರು ಹೇಳಿದ್ರು."

ಅವಳು ಬೆರಳು ಮಡಚುತ್ತ ಹೋದಳು. ಸೋಮವಾರ, ಮಂಗಳವಾರ, ಬುಧವಾರ, ಬೇಸ್ತವಾರ. ನಾಲ್ಕನೇ ಬೆರಳಿಗೆ ನಿಂತಳು. "ಸೋಮಾರ ನಾ ಇಲ್ಲೇ ನಿಂತಿದ್ನಿ" ಎಂದಳು. ಬಿಳಿ ಮುಚ್ಚಳದ ಸೀಸೆ ತೆಗೆದುಕೊಂಡಳು, ನೀಲಿಯದನ್ನು ಬಿಟ್ಟು ಹೋದಳು.

ಸೋಮವಾರ ಅಂಗಡಿ ತೆಗೆಯದೆ ನೇರವಾಗಿ ಶೆಡ್ಡಿಗೆ ಹೋದೆ. ಔಷಧಿ ಕೊಟ್ಟವನು ನಾನು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವನು ನಾನು, ಅವಳದೇನೂ ತಪ್ಪಿಲ್ಲ ಎಂದು ಶಾಮೀದಸಾಬರ ಮುಂದೆ ಕೈ ಮುಗಿದೆ. ಅವರು ಪೂರ್ತಿ ಕೇಳಿದರು.

"ನೀವು ಬಂದು ಹೇಳಿದ್ದು ಛಲೋ ಆತು ಗೌರೀಶಪ್ಪ. ಆದ್ರ ಮೂರು ಅಂದ್ರ ಮೂರು. ಇವತ್ತ ಈಕಿಗಿ ಬಿಟ್ರ ನಾಳೆ ಇನ್ನೊಬ್ಬಾಕಿ ಇನ್ನೊಂದು ಕಾರಣ ತರ್ತಾಳ. ಒಂಬತ್ತು ವರ್ಷ ದುಡದು ಬಂದಾಕಿ, ಮತ್ತ ಬರ್ತಾಳ ಬಿಡ್ರಿ" ಎಂದು ಎದ್ದು ಹೋದರು.

ಕಿಟಕಿಯ ಹತ್ತಿರ ಜೈನಾಬೀ ಕೂತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅಮರಮ್ಮ ಎಲ್ಲರ ಹಿಂದೆ, ಹಿತ್ತಲ ಬಾಗಿಲಿನ ಪಕ್ಕ, ಅಲ್ಲಿಂದ ಬೀಳುವಷ್ಟೇ ಬೆಳಕಿನಲ್ಲಿ, ಕಾಲು ಚಾಚಿ ಉಂಡೆ ಬಿಡಿಸುತ್ತಿದ್ದಳು. ಸೀರೆಯ ಮೇಲೆಲ್ಲ ಧೂಳು. ಕೆಮ್ಮು ಆಗಲೇ ಶುರುವಾಗಿತ್ತು. ನಾನು ಸುತ್ತು ಹಾಕಿ ಹಿತ್ತಲ ಬಾಗಿಲಿಗೆ ಹೋಗಿ ನಿಂತೆ.

"ಅಕ್ಕಾ, ತಪ್ಪಾತು."

"ಹೂಂ" ಎಂದಳು. ಸೂಜಿ ನಿಲ್ಲಲಿಲ್ಲ.

"ಬೈಯೂದಿದ್ರ ಬೈಯ್ರಿ. ನಾಕು ಮಂದಿ ಮುಂದ ಬೈಯ್ರಿ. ಹಿಂಗ ಸುಮ್ನ ಇರಬ್ಯಾಡ್ರಿ."

ಅವಳು ತಲೆ ಎತ್ತಿದಳು. ಕಣ್ಣುಗಳು ಇನ್ನೂ ಕೆಂಪಗಿದ್ದವು. ಅವುಗಳನ್ನು ಕಿರಿದು ಮಾಡಿ ನನ್ನ ಕಡೆ ನೋಡಿದಳು.

"ಅಣ್ಣಾರ, ಬಾಗಲದಾಗ ನಿಂತೀರಿ. ಕೂದಲಾ ಕಾಣವಲ್ವು. ಆಕಡೆ ಸರೀರಿ."